ಎಂಟನೇ ಪಂಪು

ನಮ್ಮ ಪಂಪ್‌ಹೌಸಿನಲ್ಲಿ ಪಂಪುಗಳು ಆರು. ಏಳನೆಯದು ನನ್ನ ತಲೆಯೊಳಗಿದೆ. ಹನ್ನೊಂದು ವರ್ಷದಿಂದ ಎರಡೂ ಕಿವಿಯಲ್ಲಿ ಗುಂಯ್ ಎಂದು ಒಂದೇ ಸಮ ಕೂಗುವ ಸದ್ದಿಗೆ ಆ ಹೆಸರಿಟ್ಟವಳು ನಾನೇ. ಮೋಟಾರುಗಳ ಮಧ್ಯೆ ಕಿವಿಗೆ ಚೂರು ಹತ್ತಿ ಕೂಡ ಇಟ್ಟುಕೊಳ್ಳದೆ ವಯಸ್ಸು ಸವೆಸಿದ್ದಕ್ಕೆ ಸಿಕ್ಕ ಬಹುಮಾನ ಅದು. ಮೊದಲ ವರ್ಷ ಅಳುತ್ತ ಕಳೆದೆ, ಎರಡನೇ ವರ್ಷ ಬೈದೆ, ಆಮೇಲೆ ಅದಕ್ಕೆ ಸೊಪ್ಪು ಹಾಕುವುದನ್ನೇ ಬಿಟ್ಟೆ. ಮಲಗುವ ಹೊತ್ತಿಗೆ ಮಾತ್ರ ಅದರ ಆರ್ಭಟ ಜಾಸ್ತಿ. ಅದನ್ನು ಮರೆಸಲೆಂದು ನಮ್ಮನೆಯವರು ಚಳಿಯಲ್ಲೂ ಫ್ಯಾನು ಹಾಕಿ, ತಾವು ಎರಡು ಕಂಬಳಿ ಹೊದ್ದು, ತುಟಿ ಪಿಟಕ್ಕೆನ್ನದೆ ಮಲಗುತ್ತಾರೆ.

ಇಂಥ ಕಿವಿ ಇಟ್ಟುಕೊಂಡು ನಾನು ಮಾಡುವ ಕೆಲಸವೇ ಕೇಳುವುದು. ನಗಬೇಡಿ. ಪಂಪಿನ ದಂಡ ಸಲೀಸಾಗಿ ತಿರುಗಲೆಂದು ಗುಂಡುಗಳನ್ನು ತುಂಬಿಟ್ಟ ಬಳೆಯೊಂದಿರುತ್ತದಲ್ಲ, ಬೇರಿಂಗು, ಅದು ಕೆಡುವ ಮೊದಲು ಸದ್ದು ಮಾಡುತ್ತದೆ. ಉಕ್ಕಿನ ಸರಳಿನ ಒಂದು ತುದಿಯನ್ನು ಅದರ ಮೇಲಿಟ್ಟು, ಇನ್ನೊಂದು ತುದಿಯ ಮರದ ಹಿಡಿಗೆ ಕಿವಿಯೊತ್ತಿದರೆ ಒಳಗಿನ ಕಥೆಯೆಲ್ಲ ತಿಳಿಯುತ್ತದೆ. ಏಳನೆಯದರ ಗಲಾಟೆಯನ್ನು ಪಕ್ಕಕ್ಕೆ ತಳ್ಳಿ ಅದರ ಕೆಳಗಿನದ್ದನ್ನು ಕೇಳುವುದನ್ನು ನಾನು ಕಲಿತಿದ್ದೆ. ಎಲ್ಲರ ಬಾಯಲ್ಲೂ ನಾನು ಕಿವಿಯಕ್ಕ. ನಾನು ಬಿಚ್ಚಿ ಅಂದರೆ ಫೋರ್‌ಮನ್ ಮರುಮಾತಾಡದೆ ಬಿಚ್ಚಿಸುತ್ತಿದ್ದರು.

ಒಂದು ದಿನ ನಾಲ್ಕನೇ ಪಂಪಿಗೆ ಸರಳಿಟ್ಟಾಗ ದಬ್, ದಬ್ ಎಂದು ಕೇಳಿಸಿತು. ಹಿಂದೆಂದೂ ಕೇಳದ ಸದ್ದು. ಬಿಚ್ಚಿ ಅಂದೆ. ಅರ್ಧ ಊರಿನ ನಲ್ಲಿ ನಿಂತುಹೋಯಿತು. ಐದು ಗಂಟೆ ಬೆವರು ಸುರಿಸಿ ಬೇರಿಂಗನ್ನು ಹೊರತೆಗೆದು ಬಟ್ಟೆಯ ಮೇಲಿಟ್ಟರೆ, ಅದು ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಗ್ರೀಸು ಹಾಕುವ ನಮ್ಮ ಗ್ರೀಸಣ್ಣ ಒಂದೇ ಬೆರಳಲ್ಲಿ ತಿರುಗಿಸಿದ. ಒಂದು ಕರಕರ ಇಲ್ಲ. ಆರು ಜನರ ಮುಂದೆ ನನ್ನ ಮುಖ ಇಷ್ಟೇ ಇಷ್ಟಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಪಂಪು ಬಿಡಿಬಿಡಿಯಾಗಿ ನೆಲದ ಮೇಲೆ ಬಿದ್ದಿದ್ದರೂ ನನ್ನ ಎಡಗಿವಿಯಲ್ಲಿ ದಬ್, ದಬ್ ನಡೆದೇ ಇತ್ತು.

ಎಣಿಸಬೇಕಿತ್ತು ನಾನು. ಪಂಪು ನಿಮಿಷಕ್ಕೆ ಸಾವಿರದ ನಾನೂರು ಸುತ್ತು ಹಾಕುತ್ತದೆ, ಈ ದಬ್ ಬಡಿಯುತ್ತಿದ್ದದ್ದು ಎಪ್ಪತ್ತೆರಡು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಅದು. ಹೆಸರು ಬಂತೆಂದು ಕೊಬ್ಬಿದ್ದೆ, ಎಣಿಸಲಿಲ್ಲ. ಈಗ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದೆ. ನಾಡಿಯೂ ಎಪ್ಪತ್ತೆರಡು. ಮೆಟ್ಟಿಲು ಹತ್ತಿದೆ, ಎರಡೂ ಒಟ್ಟಿಗೆ ಓಡಿದವು. ಎಡಗಿವಿಯ ಹಿಂದೆ, ಮೂಳೆಯ ಕೆಳಗೆ ಬೆರಳಿಂದ ಗಟ್ಟಿಯಾಗಿ ಒತ್ತಿದರೆ ಸದ್ದು ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಎಂಟನೇ ಪಂಪು ಬಂದು ಕೂತಿತ್ತು.

ಫೋರ್‌ಮನ್ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಕಿವಿ ನಂಬಬಹುದು ಅಂತ ಹತ್ತು ದಿನದೊಳಗೆ ಡಾಕ್ಟರ ಕೈಯಲ್ಲಿ ಬರೆಸಿ ತರಬೇಕು, ಇಲ್ಲದಿದ್ದರೆ ಸ್ಟೋರಿಗೆ ಹೋಗಬೇಕು ಎಂದು ತಣ್ಣಗೆ ಹೇಳಿದರು. ಸ್ಟೋರೆಂದರೆ ಕಿಟಕಿಯಿಲ್ಲದ ಕೋಣೆ, ಕುಂಟು ಕುರ್ಚಿ, ಕೇಳಿದವರಿಗೆ ನಟ್ಟು ಬೋಲ್ಟು ಎತ್ತಿಕೊಡುವುದು. ಇಪ್ಪತ್ತಾರು ವರ್ಷ ಪಂಪುಗಳ ಜೊತೆ ಬಾಳಿದವಳಿಗೆ ಅದು ಬದುಕಿರುವಾಗಲೇ ಫೋಟೋ ಮಾಡಿ ಗೋಡೆಗೆ ನೇತುಹಾಕಿದ ಹಾಗೆ.

ಕಿವಿ ಡಾಕ್ಟರು ಎಳೆಯ ಹುಡುಗ, ಕಣ್ಣೆಲ್ಲ ಕಂಪ್ಯೂಟರಿನ ಮೇಲೆ. ಪರೀಕ್ಷೆ ಮಾಡಿ, ಕಿವಿ ಮೊರೆತ ಬಹಳ ಹಳೆಯದಲ್ಲವೇ ಎಂದ. ಹಳೆಯದರ ಸುದ್ದಿ ಬೇಡ, ಹೊಸದೊಂದು ಬಂದಿದೆ, ನಾಡಿಯ ಜೊತೆ ಬಡಿಯುತ್ತದೆ ಎಂದೆ.

"ಒಂದೊಂದ್ಸಲ ಒಂದೊಂದು ತರ ಕೇಳಿಸುತ್ತೆ ಅಮ್ಮ. ಅಭ್ಯಾಸ ಮಾಡ್ಕೋಬೇಕು."

ಪಿತ್ತ ನೆತ್ತಿಗೇರಿತು. ಹನ್ನೊಂದು ವರ್ಷ ಅಭ್ಯಾಸ ಮಾಡಿಕೊಂಡವಳಿಗೇ ಪಾಠ! ನಿದ್ದೆ ಮಾತ್ರೆ ಬರೆದು, ಚೀಟಿಯಲ್ಲಿ 'ಹಳೆಯ ಕಿವಿ ಮೊರೆತ, ಶ್ರವಣ ಕಡಿಮೆ' ಎಂದು ಗೀಚಿ ಕಳಿಸಿದ. ಆ ಚೀಟಿ ಫೋರ್‌ಮನ್ ಕೈಗೆ ಹೋದರೆ ಸ್ಟೋರೇ ಗತಿ. ಮಡಚಿ ಚೀಲದ ತಳಕ್ಕೆ ತುರುಕಿದೆ. ಮನೆಯಲ್ಲಿ ನಮ್ಮನೆಯವರು ತಮ್ಮ ಕಿವಿಯನ್ನು ನನ್ನ ಕಿವಿಗೆ ಅಂಟಿಸಿ ಬಹಳ ಹೊತ್ತು ಕೇಳಿದರು. ಏನೂ ಕೇಳಿಸುತ್ತಿಲ್ಲ ಎನ್ನುವಾಗ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದರು. ಒಳ್ಳೆಯ ಬೇರಿಂಗನ್ನೇ ಕೆಟ್ಟಿದೆ ಅಂದವಳು ನಾನು. ಇದೂ ನನ್ನ ಭ್ರಮೆಯಾಗಿದ್ದರೆ? ಅಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಊಟದ ಬಿಡುವಿನಲ್ಲಿ ಗ್ರೀಸಣ್ಣನ ಮುಂದೆ ಎಲ್ಲ ಹೇಳಿಕೊಂಡೆ. ತಮಾಷೆ ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ಎದ್ದು ಹೋಗಿ ಸರಳನ್ನು ಒರೆಸಿ ತಂದ.

"ಕೂತ್ಕೊಳ್ಳಿ ಅಕ್ಕ. ನಿಮಗೂ ಇಟ್ಟು ನೋಡೇ ಬಿಡೋಣ."

ಊಟದ ಕೋಣೆಯ ಬಾಗಿಲು ಹಾಕಿದ. ಸರಳಿನ ತುದಿಗೆ ಬಟ್ಟೆ ಸುತ್ತಿ ನನ್ನ ಎಡಗಿವಿಯ ಹಿಂದಿನ ಮೂಳೆಗೆ ಇಟ್ಟು, ಹಿಡಿಗೆ ತನ್ನ ಕಿವಿಯೊತ್ತಿ ಕಣ್ಣು ಮುಚ್ಚಿದ. ಬಾಯಿ ಬಿಡಬೇಡ, ಕೇಳಿಸಿದರೆ ಮೇಜಿನ ಮೇಲೆ ಬೆರಳು ಬಡಿ ಎಂದೆ. ಸರಳು ಕೂದಲೆಳೆಯಷ್ಟು ಅತ್ತ ಜರುಗಿತು, ಇತ್ತ ಜರುಗಿತು. ಬೆರಳು ಅಲುಗಲಿಲ್ಲ. ಆಮೇಲೆ ಸರಳು ಒಂದೆಡೆ ನಿಂತಿತು, ಗ್ರೀಸು ಮೆತ್ತಿದ ಆ ದಪ್ಪ ಬೆರಳು ಮೇಲೆದ್ದು ಮೇಜಿಗೆ ಬಡಿಯಿತು. ಮತ್ತೆ ಬಡಿಯಿತು. ನನ್ನ ಒಳಗಿನ ಒಂದೊಂದು ದಬ್ಬಿಗೂ ಸರಿಯಾಗಿ ಹೊರಗೆ ಒಂದೊಂದು ಏಟು. ಅವನಿಗೆ ಹೇಳದೆಯೇ ಕೈ ಹಿಂದಕ್ಕೆ ಒಯ್ದು ಮೂಳೆಯ ಕೆಳಗೆ ಒತ್ತಿದೆ. ಒಳಗೆ ಸದ್ದು ನಿಂತಿತು. ಮೇಜಿನ ಮೇಲೆ ಬೆರಳೂ ನಿಂತಿತು.

"ನಿಂತ್ಹೋಯ್ತಲ್ಲ ಅಕ್ಕ?" ಎಂದು ಕಣ್ಣು ಬಿಟ್ಟ.

ನಾನು ಗೊಳೋ ಎಂದು ಅತ್ತುಬಿಟ್ಟೆ. ಹನ್ನೊಂದು ವರ್ಷದಲ್ಲಿ ನನಗೆ ಕೇಳಿಸುವುದು ಇನ್ನೊಂದು ಜೀವಕ್ಕೆ ಕೇಳಿಸಿದ್ದು ಅದೇ ಮೊದಲು. ಸಂತೋಷವೋ ಸಂತೋಷ. ಕಾಯಿಲೆಯೊಂದು ಗಟ್ಟಿಯಾಯಿತೆಂದು ಇಷ್ಟು ಖುಷಿಪಟ್ಟ ಹೆಂಗಸು ಬೇರೆ ಯಾರೂ ಇರಲಾರರು.

ದೊಡ್ಡಾಸ್ಪತ್ರೆಗೆ ಹೋಗಿ ತಲೆಯ ರಕ್ತನಾಳ ನೋಡುವ ಡಾಕ್ಟರಮ್ಮನ ಮುಂದೆ ಕೂತಾಗ ಕಿವಿ ಮೊರೆತ ಎಂಬ ಪದವನ್ನೇ ಎತ್ತಲಿಲ್ಲ. ಪಂಪಿನ ವರದಿ ಒಪ್ಪಿಸುವ ಹಾಗೆ ಒಪ್ಪಿಸಿದೆ: ಎಡಗಡೆ, ನಿಮಿಷಕ್ಕೆ ಎಪ್ಪತ್ತೆರಡು, ಮೆಟ್ಟಿಲು ಹತ್ತಿದರೆ ನೂರು, ಇಲ್ಲಿ ಒತ್ತಿದರೆ ಬಂದ್, ಸಾಕ್ಷಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ಆಕೆ ಪೆನ್ನು ಕೆಳಗಿಟ್ಟರು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಸ್ಟೆತಾಸ್ಕೋಪನ್ನು ನನ್ನ ಕಿವಿಯ ಹಿಂದಿಟ್ಟು ಉಸಿರು ಹಿಡಿದು ಕೇಳಿದರು. ಇದೆ ಎಂದರು. ನನ್ನ ಜೊತೆ ಬಂದಿದ್ದ ನಮ್ಮನೆಯವರು ನಾಚುತ್ತ ನಾನೊಮ್ಮೆ ಕೇಳಲೇ ಎಂದಾಗ ಡಾಕ್ಟರಮ್ಮ ಅದನ್ನು ಅವರ ಕಿವಿಗೇ ಸಿಕ್ಕಿಸಿದರು. ಅವರ ಕಣ್ಣು ತುಂಬಿ ಬಂತು.

"ಇಷ್ಟು ಜೋರಾಗಾ? ಇದನ್ನ ಇಟ್ಕೊಂಡು ನೀನು ಅಡುಗೆ ಮಾಡ್ತಿದ್ಯಾ?"

ಸ್ಕ್ಯಾನಿನಲ್ಲಿ ಎಲ್ಲ ಬಯಲಾಯಿತು. ತಲೆಬುರುಡೆಯ ಹಿಂಬದಿ, ಹೃದಯದಿಂದ ಒತ್ತಡದಲ್ಲಿ ರಕ್ತ ತರುವ ನಾಳವೊಂದು, ರಕ್ತ ವಾಪಸು ಹೋಗುವ ನಾಳಕ್ಕೆ ನೇರವಾಗಿ ತೂತು ಕೊರೆದು ನುಗ್ಗುತ್ತಿತ್ತು. ಬಿಟ್ಟಿದ್ದರೆ ಒಂದು ದಿನ ತಲೆಯೊಳಗೇ ಒಡೆಯಬಹುದಿತ್ತಂತೆ. ತೊಡೆಯಿಂದ ಸಣ್ಣ ನಳಿಕೆ ತೂರಿಸಿ, ಸೋರುವ ಜಾಗಕ್ಕೆ ಅಂಟಿನಂಥ ಔಷಧಿ ಬಿಟ್ಟು ಮುಚ್ಚಿದರು. ಎಚ್ಚರವಾದಾಗ ಕಣ್ಣು ಬಿಡದೆ ಎಡಗಿವಿಗೆ ಗಮನ ಕೊಟ್ಟೆ. ಏಳನೆಯದು ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ಎಂಟನೆಯದರ ಸುಳಿವೇ ಇರಲಿಲ್ಲ. ಗೆದ್ದೆ ಅನ್ನಿಸಿತು, ಜೋರಾಗಿ ನಕ್ಕೆ, ನರ್ಸು ಓಡಿಬಂದಳು.

ಹತ್ತು ದಿನದ ಗಡುವು ಎಂದೋ ಮುಗಿದು, ಸ್ಟೋರಿನ ಪಟ್ಟಿಯಲ್ಲಿ ನನ್ನ ಹೆಸರು ಬರೆದಾಗಿತ್ತು. ಎರಡು ತಿಂಗಳ ರಜೆ ಮುಗಿಸಿ ಡಾಕ್ಟರಮ್ಮ ಬರೆದುಕೊಟ್ಟ ಕಾಗದವನ್ನು ಫೋರ್‌ಮನ್ ಕೈಗಿತ್ತೆ. ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಎಲ್ಲರನ್ನೂ ಕರೆದು ಗಟ್ಟಿಯಾಗಿ ಓದಿದರು: "ಹೊಸ ಸದ್ದನ್ನು ಮೊದಲು ಪತ್ತೆ ಮಾಡಿದವರು ರೋಗಿಯೇ. ನಾವು ಖಚಿತಪಡಿಸಿದೆವು, ಅಷ್ಟೆ. ಇವರ ಕಿವಿಯನ್ನು ನಂಬಬಹುದು."

ಫೋರ್‌ಮನ್ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೀಟೆಳೆದು, ಎರಡನೇ ಪಂಪಿನ ಮೇಲೆ ಒಂದು ವಾರದಿಂದ ಅನುಮಾನವಿದೆ, ಆದರೆ ನೀವು ಬರುವ ತನಕ ಮುಟ್ಟುವುದು ಬೇಡ ಎಂದು ಬಿಟ್ಟಿದ್ದೇವೆ ಎಂದರು. ಒಳಗೆ ಹೋಗಿ ಸರಳಿಟ್ಟೆ. ಈ ಸಲ ಪೂರ್ತಿ ಎರಡು ನಿಮಿಷ ಎಣಿಸಿದೆ. ಗ್ರೀಸಣ್ಣ ನಟ್ಟು ಬಿಚ್ಚುವ ಪಾನಾ ಹಿಡಿದು ಕಾಯುತ್ತಿದ್ದ.

"ಇನ್ನೂ ಆರು ತಿಂಗಳು ಓಡುತ್ತೆ, ಮುಟ್ಟಬೇಡಿ," ಎಂದೆ.

ಗ್ರೀಸಣ್ಣ ಪಾನಾ ಕೆಳಗಿಟ್ಟ. ಫೋರ್‌ಮನ್ ಇನ್ನೊಮ್ಮೆ ಕೇಳದೆ ಮುಂದಿನ ಪಂಪಿನತ್ತ ನಡೆದರು.