ಮೂಲೆಯ ದ್ರಾಕ್ಷಿ ಗೊಂಚಲು

ಕಡಲಾಚೆ ಒಂದು ರಾಜ್ಯವಿತ್ತು. ಅಲ್ಲಿ ಚಿತ್ರ ಬರೆಯುವುದು ಅಳಿಲುಗಳ ಕಸುಬು. ಬಾಲವೇ ಕುಂಚವಾಗಿರುವಾಗ ಬೇರೆಯವರಿಗೆ ಅಲ್ಲೇನು ಕೆಲಸ, ಹೇಳಿ! ಅವುಗಳಲ್ಲೂ ಒಂದು ಮನೆತನ ಭಾರೀ ಹೆಸರುವಾಸಿ. ಮುತ್ತಜ್ಜನ ಕಾಲದಿಂದ ಆ ಮನೆಯವರು ಪ್ರತಿ ಚಿತ್ರದ ಬಲಮೂಲೆಯಲ್ಲಿ ಒಂದು ದ್ರಾಕ್ಷಿ ಗೊಂಚಲು ಬರೆಯುತ್ತಿದ್ದರು. ಕಡಲಿನ ಚಿತ್ರವಾದರೂ ಸರಿ, ಯುದ್ಧದ ಚಿತ್ರವಾದರೂ ಸರಿ, ಗೊಂಚಲು ಮಾತ್ರ ತಪ್ಪುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಅರಮನೆಯ ಸ್ಪರ್ಧೆ. ಯಾರು ಬೇಕಾದರೂ ಬರೆಯಬಹುದು, ಗೆದ್ದವರಿಗೆ ಅಕಾಡೆಮಿಯಲ್ಲಿ ಪೀಠ. ಪರಮ ನಿಷ್ಪಕ್ಷಪಾತ ಸ್ವಾಮಿ! ಚಿತ್ರದ ಮೇಲೆ ಹೆಸರಿರಕೂಡದು. ಹೆಸರಿನ ಚೀಟಿ ಮುಚ್ಚಿದ ಲಕೋಟೆಯಲ್ಲಿ. ತೀರ್ಪುಗಾರರು ಮೂವರು: ಅದೇ ಮನೆಯ ತಾತ, ದೊಡ್ಡಪ್ಪ, ಚಿಕ್ಕಪ್ಪ.

ಆ ವರ್ಷ ಮನೆಯ ಮೊಮ್ಮಗನ ಸರದಿ.

"ಏನು ಬೇಕಾದ್ರೂ ಬರಿ, ಮೂಲೆ ಮಾತ್ರ ಮರೀಬೇಡ ಕಣೋ," ಎಂದ ದೊಡ್ಡಪ್ಪ.

"ಬಹುಮಾನ ನನಗೆ ಬರಬೇಕು ದೊಡ್ಡಪ್ಪ, ಗೊಂಚಲಿಗಲ್ಲ."

"ಅಯ್ಯೋ, ಗೊಂಚಲಿಲ್ಲದೆ ನೀನ್ಯಾರೋ?"

ಮಾತು ನಾಟಿತು. ತಾನು ಯಾರೆಂದು ತಿಳಿಯಲೇಬೇಕೆಂದು ಹಟ ತೊಟ್ಟು ಮೊಮ್ಮಗ ಬೆಳಗಿನ ಹೊಳೆಯೊಂದನ್ನು ಬರೆದ. ನೋಡಿದವರ ಪಾದ ತಣ್ಣಗಾಗುವಂಥ ಹೊಳೆ. ಮೂಲೆಯಲ್ಲಿ ನೀರು ಬಿಟ್ಟು ಮತ್ತೇನಿರಲಿಲ್ಲ.

ಅದೇ ಮನೆಗೆ ಬಣ್ಣದ ಮೂಟೆ ಹೊರುವ ಕತ್ತೆಯೊಂದಿತ್ತು. ನೋಡಿ ನೋಡಿ, ಗೊಂಚಲೆಂದರೆ ಸ್ಪರ್ಧೆಯ ನಿಯಮವೆಂದೇ ಅದು ನಂಬಿತ್ತು. ಪಾಪ, ತಾನೂ ಒಂದು ಬೆಟ್ಟ ಬರೆದು (ಬೆಟ್ಟವೋ ಮೂಟೆಯೋ ಅದಕ್ಕೇ ಗೊತ್ತಿರಲಿಲ್ಲ) ಮೂಲೆಯಲ್ಲಿ ಭಕ್ತಿಯಿಂದ ಗೊಂಚಲು ಇಟ್ಟಿತು.

ತೀರ್ಪಿನ ದಿನ ಬೆಟ್ಟದ ಮುಂದೆ ತಾತನ ಕಣ್ಣು ತುಂಬಿ ಬಂತು. "ನೋಡ್ರೋ, ರಕ್ತ ಹೇಗೆ ಮಾತಾಡುತ್ತೆ!" ಆಮೇಲೆ ಹೊಳೆಯ ಕಡೆ ತಿರುಗಿ, "ಇದನ್ನು ಬರೆದ ಕತ್ತೆ ಯಾರು?" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು.

ಲಕೋಟೆ ಒಡೆದರು. ನಗು ನಿಂತಿತು.

ಆದರೆ ತೀರ್ಪುಗಾರರು ತಪ್ಪುವುದುಂಟೇ? ತಾತ ಗಂಟಲು ಸರಿಮಾಡಿಕೊಂಡ. "ಹಾಗಾದರೆ ಇವನು ನಮ್ಮ ವಂಶದವನೇ. ಕಿವಿ ಒಂಚೂರು ಉದ್ದ, ಅಷ್ಟೆ." ಅಲ್ಲೇ ವಂಶವೃಕ್ಷ ತರಿಸಿ, ಮೊಮ್ಮಗನ ಹೆಸರನ್ನು ಕೆರೆದು ಆ ಜಾಗದಲ್ಲಿ ಕತ್ತೆಯನ್ನು ಬರೆಸಿದ.

ಮರುವರ್ಷ ಮೊಮ್ಮಗ ಅದೇ ಹೊಳೆಯನ್ನು ಹೊತ್ತು ಅಕಾಡೆಮಿಯ ಬಾಗಿಲಿಗೆ ಹೋದ. ಪೀಠದ ಮೇಲಿದ್ದ ಕತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿ, ನಿಜವಾಗಿಯೂ ಮರುಗಿತು.

"ಕೈ ಪರವಾಗಿಲ್ಲಪ್ಪ. ಆದರೆ ಇದೆಲ್ಲ ರಕ್ತದಲ್ಲಿ ಬರಬೇಕು ನೋಡು. ನಿಮ್ಮ ಮನೇಲಿ ಈ ಮೊದಲು ಯಾರಾದರೂ ಚಿತ್ರ ಬರೆದವರಿದ್ದಾರಾ?"