ಎರಡು ಹಟ್ಟಿ, ಒಂದು ಡ್ರಮ್ಮು

ಸಂಜೆ ಕರೆಂಟು ಹೋಗುವುದು ಕೂಳೂರಿನವರಿಗೆ ಹೊಸತಲ್ಲ. ರೇಷನ್ ಅಂಗಡಿಯ ಸೀಮೆಎಣ್ಣೆ ತಿಂಗಳು ಅರ್ಧ ಆಗುವಾಗಲೇ ಮುಗಿಯುತ್ತಿತ್ತು. ಸೌದೆ ಒದ್ದೆಯಿದ್ದರೆ ಒಲೆ ಊದಿ ಊದಿ ಹೆಂಗಸರ ಕಣ್ಣು ಕೆಂಪಾಗುವುದೇ ಬಂತು. ಇದು ೧೯೮೬ನೇ ಇಸವಿಯ ಮಾತು.

ಆ ಓಣಿಯಲ್ಲಿ ಮೊತ್ತಮೊದಲು ಗೋಬರ್ ಗ್ಯಾಸ್ ಮಾಡಿಸಿದ್ದು ಗುಣವತಿಯಕ್ಕ. ಸಣ್ಣ ಗುಂಡಿ, ಅದರ ಮೇಲೆ ತೇಲುವ, ಗ್ಯಾಸ್ ತುಂಬಿದ ಹಾಗೆ ಮೇಲೇಳುವ ಸಣ್ಣ ಕಬ್ಬಿಣದ ಡ್ರಮ್ಮು. ಬೆಳಗಿನ ಕಾಫಿ ತಿಂಡಿಗೆ ಗ್ಯಾಸ್ ಸಾಕಾಗುತ್ತಿತ್ತು, ಮಧ್ಯಾಹ್ನಕ್ಕೆ ಮತ್ತೆ ಸೌದೆಯೇ. ಆದರೂ ನೋಡಲು ಜನ ಬರುತ್ತಿದ್ದರು. ಬಂದವರಿಗೆ ನೀಲಿ ಬೆಂಕಿ ತೋರಿಸಿ, ಅದೇ ಬೆಂಕಿಯಲ್ಲಿ ಕಾಫಿ ಮಾಡಿ ಕೊಡುವುದೆಂದರೆ ಗುಣವತಿಯಕ್ಕನಿಗೆ ಹಬ್ಬ.

ಆ ಹಬ್ಬ ಮುಗಿದದ್ದು ಬಾಗಿಯ ಮನೆಯಲ್ಲಿ ಗ್ಯಾಸ್ ದೀಪ ಉರಿದ ಸಂಜೆ.

ಬಾಗಿಯದ್ದು ಬೇಲಿಯಾಚೆಯ ಮನೆ. ಹಿಂದೆ ಗುಣವತಿಯಕ್ಕನ ಮನೆಯವರ ಗದ್ದೆಯಲ್ಲಿ ಬಾಗಿಯ ಅತ್ತೆಮಾವ ಗೇಣಿ ಮಾಡುತ್ತಿದ್ದರು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಮೇಲೆ ಆ ಗದ್ದೆ ಅವರದ್ದೇ ಆಯಿತು. ಈಗ ಮಗ ದುಬೈಯಲ್ಲಿ, ಹಟ್ಟಿಯಲ್ಲಿ ನಾಲ್ಕು ಜರ್ಸಿ ದನ. ಬಾಗಿಯೂ ಗೋಬರ್ ಗ್ಯಾಸ್ ಮಾಡಿಸಿದಳು. ಅದೂ ಸಣ್ಣದೇ, ಆದರೆ ಜಗಲಿಗೆ ಪೈಪ್ ಎಳೆಸಿ ಮ್ಯಾಂಟಲ್ ದೀಪ ಹಾಕಿಸಿದ್ದಳು. ಕರೆಂಟು ಹೋದಾಗ ಓಣಿಯ ಮಕ್ಕಳೆಲ್ಲ ಪುಸ್ತಕ ಹಿಡಿದು ಅಲ್ಲಿಗೇ ಓಡಿದರು.

ಗುಣವತಿಯಕ್ಕ ಕತ್ತಲೆಯಲ್ಲಿ ತನ್ನ ಜಗಲಿಯ ಮೇಲೆ ಕುಳಿತಿದ್ದಳು. ಆ ಬೆಳಕು ಬೇಲಿ ದಾಟಿ ಅವಳ ಅಂಗಳದವರೆಗೂ ಬರುತ್ತಿತ್ತು. ಅದನ್ನು ನೋಡದೆ ಇರಲು ಆಗಲಿಲ್ಲ, ನೋಡಿ ಸಹಿಸಲೂ ಆಗಲಿಲ್ಲ.

"ಕಣ್ಣು ಕುಕ್ಕುತ್ತದೆ. ಆ ಚಿಮಿಣಿ ದೀಪ ತನ್ನಿ" ಎಂದಳು ಗಂಡನಿಗೆ.

ಗಂಡ ಸಂಕಪ್ಪ ಪೇಟೆಯಲ್ಲಿ, ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. "ಅಲ್ಲಿಂದಲೇ ಬೆಳಕು ಬರ್ತದಲ್ಲ ಮಾರಾಯ್ತಿ, ಚಿಮಿಣಿ ಯಾಕೆ?"

"ಬಾಗಿಯ ಬೆಳಕಿನಲ್ಲಿ ನಾನು ಬದುಕಬೇಕಾ?"

ಮರುದಿನ ಬೆಳಿಗ್ಗೆ ಕಾಫಿ ಕೊಡುವಾಗಲೇ ಹೇಳಿಬಿಟ್ಟಳು. "ನಮ್ಮ ಗ್ಯಾಸ್ ದೊಡ್ಡದು ಮಾಡ್ಬೇಕು. ಬಾಗಿಯದ್ದರ ಮೂರು ಪಾಲು. ಡ್ರಮ್ಮು ರಸ್ತೆಗೆ ಕಾಣಬೇಕು."

ಸಂಕಪ್ಪ ಡಾಲಿ ಟೀಚರನ್ನು ಕರೆಸಿದ. ಡಾಲಿ ಟೀಚರ್ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಊರಿನ ಮಹಿಳಾ ಮಂಡಲಿಯ ಕಾರ್ಯದರ್ಶಿ. ಬಂದವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಹಟ್ಟಿಯಲ್ಲಿ ಎಷ್ಟು ದನ ಉಂಟು?"

"ಎರಡು. ಒಂದು ಕರು."

"ಊರ ದನ, ಅಲ್ವಾ? ಹಗಲಿಡೀ ಹೊರಗೆ ಮೇಯ್ತವೆ. ಸಗಣಿ ಅರ್ಧ ಗುಡ್ಡೆಯಲ್ಲೇ ಹೋಯಿತು. ಈಗಿನ ಗುಂಡಿಯೇ ನಿಮಗೆ ಸರಿ ಗುಣವತಿಯಕ್ಕ. ಗುಂಡಿ ದೊಡ್ಡದಾದರೆ ಗ್ಯಾಸ್ ಹೆಚ್ಚು ಬರುವುದಿಲ್ಲ. ಸಗಣಿ ಹೆಚ್ಚಾದರೆ ಬರ್ತದೆ."

"ಜರ್ಸಿ ತರ್ತೇವೆ."

"ಯಾವಾಗ?" ಎಂದ ಸಂಕಪ್ಪ. ಅವನಿಗೂ ಇದು ಹೊಸ ಸುದ್ದಿ.

"ನೀವು ಸುಮ್ಮನಿರಿ."

ಡಾಲಿ ಟೀಚರ್ ಬೇಲಿಯ ಕಡೆ ನೋಡಿದರು. "ಬಾಗಿಯ ಹಟ್ಟಿಯ ಹಿಂದೆ ಸಗಣಿ ರಾಶಿ ಬಿದ್ದಿದೆ. ಅವಳ ಗುಂಡಿಗೆ ಅಷ್ಟೆಲ್ಲ ಹಿಡಿಯುವುದಿಲ್ಲ. ಎರಡು ಮನೆಯವರೂ ಸೇರಿ ಒಂದು ದೊಡ್ಡದು ಮಾಡಿದರೆ..."

"ಟೀಚರೇ, ಕಾಫಿ ಆರುತ್ತದೆ" ಎಂದಳು ಗುಣವತಿಯಕ್ಕ.

ಹಳೆಯ ಡ್ರಮ್ಮನ್ನು ಕಾಟಿಪಳ್ಳದ ನೂರ್ ಮುಹಮ್ಮದ್ ಎಂಬವರು ಕೊಂಡುಹೋದರು. ಹಳೆಯ ಗುಂಡಿಯನ್ನು ಒಡೆದು ಅಗಲ ಮಾಡಿಸಿದ್ದಾಯಿತು. ಹೊಸ ಡ್ರಮ್ಮು ಲಾರಿಯಲ್ಲಿ ಬಂತು. ಅದನ್ನು ಇಳಿಸುವಾಗ ಬಾಗಿ ಬೇಲಿಯ ಹತ್ತಿರ ಬಂದು ನಿಂತಳು. ಅವಳು ನಿಂತದ್ದು ನೋಡಿ ಗುಣವತಿಯಕ್ಕ ಕೆಲಸದವರಿಗೆ, "ಮೆಲ್ಲ, ಮೆಲ್ಲ. ಇಷ್ಟು ದೊಡ್ಡದು ಈ ಊರಲ್ಲಿ ಬೇರೆ ಇಲ್ಲ" ಎಂದು ಬೇಕೆಂದೇ ಗಟ್ಟಿಯಾಗಿ ಹೇಳಿದಳು.

ಬಾಗಿ ತಿರುಗಿ ಒಳಗೆ ಹೋದಳು. ಆ ದಿನ ಗುಣವತಿಯಕ್ಕನಿಗೆ ಊಟ ರುಚಿಯಾಯಿತು.

ಆದರೆ ಡ್ರಮ್ಮು ಏಳಲಿಲ್ಲ. ಎರಡು ಊರ ದನಗಳ ಸಗಣಿ ಆ ಗುಂಡಿಯ ತಳಕ್ಕೆ ಹೋಗಿ ಎಲ್ಲಿ ಮಾಯವಾಯಿತೋ ತಿಳಿಯಲಿಲ್ಲ. ಈಗ ಬೆಳಗಿನ ಕಾಫಿಗೂ ಸೌದೆಯೇ. ಹೊಗೆಗೆ ಗುಣವತಿಯಕ್ಕನ ಕೆಮ್ಮು ಶುರುವಾಯಿತು. ಕೆಮ್ಮಿದರೆ ಬೇಲಿಯಾಚೆ ಕೇಳುತ್ತದೆಂದು ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದಳು.

"ಗುಣವತಿಯಕ್ಕ, ಗ್ಯಾಸ್ ಬಂತಾ?" ಬಾಗಿ ದಿನಾ ದನ ತೊಳೆಯುತ್ತಾ ಕೇಳುವಳು.

"ಬರ್ತಾ ಉಂಟು. ದೊಡ್ಡದಲ್ಲವಾ, ಸ್ವಲ್ಪ ಸಮಯ ಬೇಕು."

"ಹೌದು ಹೌದು. ದೊಡ್ಡವರದ್ದು ಎಲ್ಲ ನಿಧಾನವೇ."

ಆ ಮಾತು ಕೇಳಿದ ದಿನವೇ ಗುಣವತಿಯಕ್ಕನಿಗೆ ಒಂದು ಉಪಾಯ ಹೊಳೆಯಿತು. ಹೋಟೆಲು ಎಂದರೆ ಮಿಕ್ಕಿದ ಅನ್ನ, ಸಾಂಬಾರು, ತರಕಾರಿ ಸಿಪ್ಪೆ. ಎಲ್ಲ ಹಿತ್ತಲಿನ ತೊಟ್ಟಿಗೆ ಹೋಗುತ್ತದೆ. ಅದನ್ನೇ ತಂದು ಗುಂಡಿಗೆ ಹಾಕಿದರೆ?

ಸಂಕಪ್ಪ ಎರಡು ಬಕೆಟ್ ಹಿಡಿದು ಸಿಟಿ ಬಸ್ಸು ಹತ್ತಿದ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಇದಕ್ಕೆ ಟಿಕೆಟ್ ಬೇಡ, ನೀವು ಇಳಿದರೆ ಸಾಕು" ಎಂದ. ಮತ್ತೆ ತರಕಾರಿಯ ಟೆಂಪೋದವನನ್ನು ಗೊತ್ತುಮಾಡಿದ್ದಾಯಿತು. ಬಕೆಟ್ ಬಕೆಟ್ ಅನ್ನ, ಹುಳಿ ಬಂದ ಸಾಂಬಾರು, ಉಪ್ಪಿನಕಾಯಿ, ಹಿಂಡಿದ ನಿಂಬೆ ಹೋಳು, ಗೋಳಿಬಜೆ ಕರಿದ ಎಣ್ಣೆ, ಎಲ್ಲ ಗುಂಡಿಗೆ ಬಿತ್ತು.

ಡ್ರಮ್ಮು ಎದ್ದಿತು. ಅದೂ ಎಂಥ ಏಳುವುದು, ರಾತ್ರಿ ಮಲಗಿ ಬೆಳಿಗ್ಗೆ ನೋಡುವಾಗ ಬೇಲಿಗಿಂತ ಎತ್ತರ. ಗುಣವತಿಯಕ್ಕ ಒಲೆ ಹಚ್ಚಿ ನೋಡುವಷ್ಟೂ ತಾಳಲಿಲ್ಲ. ಮಹಿಳಾ ಮಂಡಲಿಯವರನ್ನೆಲ್ಲ ಕಾಫಿಗೆ ಕರೆದಳು. ಬಾಗಿಯನ್ನು ತಾನೇ ಬೇಲಿಯ ಬಳಿ ಹೋಗಿ ಕರೆದಳು.

ಎಲ್ಲರೂ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಗುಣವತಿಯಕ್ಕ ಪಾತ್ರೆ ಇಟ್ಟು, ಕೀಲಿ ತಿರುಗಿಸಿ, ಕಡ್ಡಿ ಗೀರಿದಳು. ಗ್ಯಾಸ್ ಸುಯ್ಯೆಂದು ಬಂತು. ಕಡ್ಡಿ ನಂದಿತು. ಇನ್ನೊಂದು ಗೀರಿದಳು. ಅದೂ ನಂದಿತು.

"ಗಾಳಿ ಇರಬಹುದು" ಎಂದು ಒಬ್ಬಳು ಕಿಟಕಿ ಮುಚ್ಚಿದಳು.

ಮತ್ತೊಂದು ಕಡ್ಡಿ. ಹೊಗೆ ಮಾತ್ರ. ಹಿಂದೆ ಯಾರೋ, "ನಮ್ಮ ಒಲೆಯೇ ವಾಸಿ, ಊದಿದರಾದರೂ ಹತ್ತಿಕೊಳ್ಳುತ್ತದೆ" ಎಂದದ್ದಕ್ಕೆ ಎಲ್ಲರೂ ನಕ್ಕರು.

ಬಾಗಿ ನಗಲಿಲ್ಲ. ಯಾವಾಗ ಹೊರಗೆ ಹೋದಳೋ ಯಾರೂ ನೋಡಲಿಲ್ಲ. ತಿರುಗಿ ಬರುವಾಗ ಅವಳ ಕೈಯಲ್ಲಿ ಒಂದು ದೊಡ್ಡ ತಪಲೆ ತುಂಬ ಕಾಫಿ ಇತ್ತು. "ಬಂದವರು ಬರಿಬಾಯಲ್ಲಿ ಹೋಗುವುದು ಬೇಡ" ಎಂದು ಗುಣವತಿಯಕ್ಕನ ಲೋಟಗಳನ್ನೇ ತೆಗೆದುಕೊಂಡು ಎಲ್ಲರಿಗೂ ಹಂಚಿದಳು. ನಕ್ಕಿದ್ದರೆ ಗುಣವತಿಯಕ್ಕ ತಡೆದುಕೊಳ್ಳುತ್ತಿದ್ದಳು. ತನ್ನ ಅಡುಗೆಮನೆಯಲ್ಲಿ, ತನ್ನ ಲೋಟದಲ್ಲಿ, ಬಾಗಿಯ ಗ್ಯಾಸಿನ ಕಾಫಿ. ಅವಳ ಪಾಲಿನ ಲೋಟ ಹಾಗೆಯೇ ಕೆನೆಗಟ್ಟಿತು.

ಎಲ್ಲರೂ ಹೋದ ಮೇಲೆ ಡಾಲಿ ಟೀಚರ್ ಗುಂಡಿಯ ಬಳಿ ಹೋಗಿ ಬಗ್ಗಡದ ವಾಸನೆ ನೋಡಿದರು. ಸಗಣಿಯ ವಾಸನೆ ಅಲ್ಲ, ಹಳಸಿದ ಹುಳಿ ನಾತ.

"ಎಂತ ಹಾಕಿದ್ದೀರಿ ಇದಕ್ಕೆ?"

ಸಂಕಪ್ಪ ಎಲ್ಲ ಹೇಳಿದ. ಟೀಚರ್ ತಲೆಯಾಡಿಸಿದರು. "ನೋಡಿ, ಈ ಗುಂಡಿಯೊಳಗೆ ಕಣ್ಣಿಗೆ ಕಾಣದ ಜೀವಾಣುಗಳ ಎರಡು ತಂಡ ಉಂಟು. ಒಂದು ತಂಡ ನಾವು ಹಾಕಿದ್ದನ್ನು ಕೊಳೆಸಿ ಹುಳಿ ಮಾಡ್ತದೆ. ಇನ್ನೊಂದು ಆ ಹುಳಿಯನ್ನು ತಿಂದು ಉರಿಯುವ ಗ್ಯಾಸ್ ಮಾಡ್ತದೆ. ಮೊದಲನೆಯದಕ್ಕೆ ಅವಸರ, ಎರಡನೆಯದು ನಿಧಾನ. ನೀವು ಒಮ್ಮೆಗೇ ಅಷ್ಟು ಅನ್ನ ಸಾಂಬಾರು ಸುರಿದಿರಿ. ಹುಳಿ ಮಿತಿಮೀರಿತು, ನಿಧಾನದವರ ಕೆಲಸ ನಿಂತಿತು."

"ಮತ್ತೆ ಡ್ರಮ್ಮು ಎದ್ದದ್ದು?"

"ಅದೂ ಗ್ಯಾಸೇ. ಸೋಡಾ ಬಾಟ್ಲಿಯಲ್ಲಿ ಇರುವಂಥದ್ದು. ಬೆಂಕಿ ನಂದಿಸುತ್ತದೆ, ಉರಿಯುವುದಿಲ್ಲ."

"ಈಗ ಎಂತ ಮಾಡುವುದು? ಹಳೆಯ ಡ್ರಮ್ಮು ಕೂಡ ಇಲ್ಲ" ಎಂದಳು ಗುಣವತಿಯಕ್ಕ. ಅವಳ ಸ್ವರ ಸಣ್ಣದಾಗಿತ್ತು.

"ಹೋಟೆಲಿನ ಬಕೆಟ್ ನಿಲ್ಲಿಸಿ. ಸ್ವಲ್ಪ ಬಗ್ಗಡ ಹೊರಗೆ ತೆಗೆದು ತೆಂಗಿನ ಬುಡದಿಂದ ದೂರ ಹಾಕಿ. ಒಂಚೂರು ಸುಣ್ಣದ ನೀರು ಹಾಕುವ, ಅದಕ್ಕೆ ನಾನೇ ಬರ್ತೇನೆ. ಮತ್ತೆ ಮುಖ್ಯವಾಗಿ ಹೆಪ್ಪು ಬೇಕು. ಹಾಲಿಗೆ ಮೊಸರು ಹಾಕಿದ ಹಾಗೆ, ಚೆನ್ನಾಗಿ ಗ್ಯಾಸ್ ಬರುವ ಗುಂಡಿಯ ಬಗ್ಗಡ ತಂದು ಇದಕ್ಕೆ ಹಾಕಬೇಕು. ದಿನಾ ಹೊಸ ಸಗಣಿಯೂ ಬೇಕು. ಅದು ಎಲ್ಲಿ ಉಂಟು ಅಂತ ನಾನು ಹೇಳಬೇಕಾ?"

ಹೇಳಬೇಕಾಗಿರಲಿಲ್ಲ.

ಗುಣವತಿಯಕ್ಕ ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಮುಸ್ಸಂಜೆ, ಓಣಿಯಲ್ಲಿ ಯಾರೂ ಇಲ್ಲದ್ದು ನೋಡಿ, ಬಾಗಿಯ ಹಿತ್ತಲಿನ ಬದಿಯಿಂದ ಹೋದಳು. ಹಟ್ಟಿಯ ಹಿಂದೆ ಸಗಣಿ ರಾಶಿ ನೊಣ ಕಟ್ಟಿಕೊಂಡು ಬಿದ್ದಿತ್ತು. ಅದನ್ನು ನೋಡಿ ಅವಳಿಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು.

"ಬಾಗಿ, ನಿನ್ನ ಗುಂಡಿಯ ಬಗ್ಗಡ ಸ್ವಲ್ಪ ಬೇಕಿತ್ತು. ಹೆಪ್ಪಿಗೆ. ಟೀಚರ್ ಹೇಳಿದ್ರು."

ಬಾಗಿ ಹಾಲಿನ ಕ್ಯಾನು ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹೆಪ್ಪಿಗಾ? ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಕ್ರಮ ಇಲ್ಲ ಗುಣವತಿಯಕ್ಕ. ನಮ್ಮ ಅತ್ತೆ ನಿಮ್ಮ ಹಿಂಬಾಗಿಲಿಗೆ ಬಂದು ಹಾಲಿಗೆ ಹೆಪ್ಪು ಕೇಳಿದಾಗ ನಿಮ್ಮ ಮನೆಯವರು ಹೇಳ್ತಿದ್ದದ್ದು ಇದೇ ಮಾತು. ಬೆಳಿಗ್ಗೆ ಬನ್ನಿ. ಈ ಬದಿಯಿಂದ ಬೇಡ, ಕೆಸರು ಉಂಟು. ಎದುರಿನಿಂದ ಬನ್ನಿ."

ಗುಣವತಿಯಕ್ಕ ಮನೆಗೆ ಬಂದು ಗಂಡನ ಮುಂದೆ ಹಾರಾಡಿದಳು. "ಅವಳ ಹಟ್ಟಿಯ ಸಗಣಿಯೂ ಬೇಡ, ಹೆಪ್ಪೂ ಬೇಡ."

"ಹಾಗಾದರೆ ಆ ಡ್ರಮ್ಮಿನಲ್ಲಿ ಕೋಳಿ ಸಾಕು" ಎಂದ ಸಂಕಪ್ಪ. "ಅವಳು ಇಲ್ಲ ಅನ್ನಲಿಲ್ಲ. ಬೆಳಿಗ್ಗೆ ಬಾ ಅಂದಳು. ಅವಳ ಅತ್ತೆ ಬೆಳಿಗ್ಗೆ ಬಂದರೂ ನಮ್ಮವರು ಕೊಡುತ್ತಿದ್ದರೋ ಇಲ್ಲವೋ, ನಿನಗೇ ಗೊತ್ತು."

ಗುಣವತಿಯಕ್ಕನಿಗೆ ಗೊತ್ತಿತ್ತು. ಉತ್ತರ ಕೊಡಲು ಹೋಗಿ ಕೆಮ್ಮು ಬಂತು. ಈ ಸಲ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ.

ಬೆಳಿಗ್ಗೆ ಮಕ್ಕಳು ಶಾಲೆಗೆ, ಗಂಡಸರು ಬಸ್ಸಿಗೆ ಹೋಗುವ ಹೊತ್ತಿಗೆ, ಕೊಡಪಾನ ಹಿಡಿದು ಅವಳು ಬಾಗಿಯ ಎದುರಿನ ಅಂಗಳಕ್ಕೆ ಹೋದಳು. ಓಣಿ ಇಡೀ ನೋಡಿತು.

ಬಾಗಿ ಮಣೆ ಹಾಕಿ ಕೂರಿಸಿದಳು. "ಬಗ್ಗಡ ಕೊಡ್ತೇನೆ. ಸಗಣಿಯೂ ದಿನಾ ಕೊಡ್ತೇನೆ. ಆದರೆ ನಿಮ್ಮ ಡ್ರಮ್ಮಿನಿಂದ ನನ್ನ ಅಡುಗೆಮನೆಗೆ ಪೈಪ್ ಬರಬೇಕು."

"ನಿನಗೆ ಗ್ಯಾಸ್ ಉಂಟಲ್ಲ. ದೀಪವೂ ಉಂಟು."

"ದೀಪ ಉರಿಸಿದರೆ ರಾತ್ರಿಯ ಅಡುಗೆಗೆ ಗ್ಯಾಸ್ ಇಲ್ಲ. ನಾನೂ ಸೌದೆಯನ್ನೇ ಊದುವುದು, ನಿಮಗೆ ಕಾಣುವುದಿಲ್ಲ ಅಷ್ಟೆ." ಬಾಗಿ ಕೊಡಪಾನ ತೆಗೆದು ಬದಿಗಿಟ್ಟು ಹೇಳಿದಳು. "ನಿಮ್ಮ ಡ್ರಮ್ಮು ಲಾರಿಯಿಂದ ಇಳಿದ ದಿನ ನಾನು ಊಟ ಮಾಡಲಿಲ್ಲ, ಗೊತ್ತುಂಟಾ? ನಾಲ್ಕು ಜರ್ಸಿ ಇರುವುದು ನನ್ನ ಹತ್ತಿರ, ದೊಡ್ಡ ಡ್ರಮ್ಮು ಇರುವುದು ಇವರ ಹತ್ತಿರ ಅಂತ."

ಗುಣವತಿಯಕ್ಕ ಅವಳ ಮುಖ ನೋಡಿದಳು. ಇಷ್ಟು ದಿನ ತನ್ನೊಳಗೆ ಮಾತ್ರ ಉರಿಯುತ್ತಿದೆ ಎಂದುಕೊಂಡದ್ದು ಬೇಲಿಯಾಚೆಯೂ ಉರಿಯುತ್ತಿತ್ತು. ಸಂತೋಷವಾಯಿತೆಂದು ಹೇಳಲಾಗದು, ಆದರೆ ಎದೆಯ ಭಾರ ಇಳಿದ ಹಾಗಾಯಿತು.

"ನಾನು ಆ ದಿನ ಎರಡು ಸಲ ಬಡಿಸಿಕೊಂಡೆ" ಎಂದಳು.

"ಗೊತ್ತು. ನಿಮ್ಮ ಪಾತ್ರೆಯ ಸದ್ದು ನನಗೆ ಕೇಳ್ತದೆ." ಇಬ್ಬರಿಗೂ ನಗು ಬಂತು. "ಪೈಪು?"

"ಹಾಕಿಸ್ತೇವೆ."

ಡಾಲಿ ಟೀಚರ್ ಹೇಳಿದ ಹಾಗೆ ಬಗ್ಗಡ ಬೆರೆಸಿದರು. ದಿನಾ ಬೆಳಿಗ್ಗೆ ಎರಡೂ ಹಟ್ಟಿಯ ಸಗಣಿ, ಅಷ್ಟೇ ನೀರು, ಕಸಕಡ್ಡಿ ತೆಗೆದು ಕಲಸಿ ಗುಂಡಿಗೆ ಬಿಟ್ಟರು. ಹಟ್ಟಿ ತೊಳೆಯಲು ಫಿನಾಯಿಲ್ ಹಾಕಿದ ದಿನ ಆ ನೀರನ್ನು ಬೇರೆ ಬದಿಗೆ ತಿರುಗಿಸಿದರು. ಕೆಟ್ಟ ಗ್ಯಾಸನ್ನೆಲ್ಲ ಬಯಲಿಗೆ ಬಿಟ್ಟರು, ಡ್ರಮ್ಮಿನ ಹತ್ತಿರ ಯಾರೂ ಬೀಡಿ ಕೂಡ ಹಚ್ಚಲಿಲ್ಲ. ವಾರಗಳು ಕಳೆದವು. ಒಂದು ಬೆಳಿಗ್ಗೆ ಗುಣವತಿಯಕ್ಕನ ಒಲೆಯಲ್ಲಿ ಕಡ್ಡಿ ನಂದಲಿಲ್ಲ. ನೀಲಿ ಬೆಂಕಿ ಸದ್ದಿಲ್ಲದೆ ಎದ್ದು ನಿಂತಿತು.

ಅವಳು ಮೊದಲು ಮಾಡಿದ ಕೆಲಸ, ಬಾಗಿಯ ಅಡುಗೆಮನೆಗೆ ಓಡಿದ್ದು. ಅಲ್ಲಿಯೂ ಹೊಸ ಪೈಪಿನ ಒಲೆಯಲ್ಲಿ ಬೆಂಕಿ ಎದ್ದಿತ್ತು. ಗುಣವತಿಯಕ್ಕ ಬಗ್ಗಿ ಅದರ ಎತ್ತರ ನೋಡಿದಳು.

"ನಿನ್ನದು ಸ್ವಲ್ಪ ಹೆಚ್ಚು ಉಂಟಲ್ಲ?"

"ನಿಮ್ಮದು ನೋಡಿ ಬಂದು ಹೇಳ್ತೇನೆ" ಎಂದು ಬಾಗಿಯೂ ಓಡಿದಳು.

ಈಗ ಆ ಎರಡು ಮನೆಗಳಲ್ಲಿ ಮೂರು ಹೊತ್ತಿನ ಅಡುಗೆಯೂ ಹೊಗೆಯಿಲ್ಲದೆ ಆಗುತ್ತದೆ. ಬಾಗಿಯ ಹಟ್ಟಿಯ ಹಿಂದೆ ನೊಣವಿಲ್ಲ. ಗುಂಡಿಯಿಂದ ಹೊರಬರುವ ಬಗ್ಗಡ ಎರಡೂ ಮನೆಯ ತರಕಾರಿ ಸಾಲಿಗೆ ಗೊಬ್ಬರ. ಯಾರ ಬಸಳೆ ದಪ್ಪ ಬಂದಿದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಸಂಕಪ್ಪ ಹೋಟೆಲಿನ ತರಕಾರಿ ಸಿಪ್ಪೆಯನ್ನು ಈಗಲೂ ತರುತ್ತಾನೆ. ಸಣ್ಣಗೆ ಹೆಚ್ಚಿ, ಸಗಣಿಯ ಜೊತೆ ಒಂದೊಂದು ಹಿಡಿ ಮಾತ್ರ.

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯ ಗ್ಯಾಸನ್ನು ದೊಡ್ಡದು ಮಾಡಬೇಕೆಂದು ಆಸೆಪಟ್ಟರೆ ಮೊದಲು ಹಟ್ಟಿಯನ್ನು ನೋಡಿ, ಆಮೇಲೆ ಡ್ರಮ್ಮನ್ನು ನೋಡಿ. ದಿನಕ್ಕೆ ಬೀಳುವ ಸಗಣಿಯನ್ನು ತೂಗಿ, ತಿಳಿದವರನ್ನು ಕೇಳಿ, ಅದಕ್ಕೆ ತಕ್ಕ ಗುಂಡಿ ತೋಡಿಸಿ. ಹುಳಿ, ಎಣ್ಣೆ, ಉಪ್ಪು, ಸೋಪು, ಫಿನಾಯಿಲ್ ಅದರೊಳಗೆ ಹೋಗದಿರಲಿ. ನಿಮ್ಮ ಸಗಣಿ ಸಾಲದಿದ್ದರೆ ನೆರೆಮನೆಯವರ ಜೊತೆ ಸೇರಿ. ಅವರ ಮೇಲೆ ನಿಮಗೆ ಅಸೂಯೆ ಇರಬಹುದು, ಅವರಿಗೂ ನಿಮ್ಮ ಮೇಲೆ ಇರಬಹುದು. ಅದು ಪೂರ್ತಿ ಹೋಗುವವರೆಗೆ ಕಾಯುತ್ತಾ ಕುಳಿತರೆ ಒಲೆ ಹೊಗೆಯಾಡುತ್ತಲೇ ಇರುತ್ತದೆ. ಇದ್ದ ಹಾಗೆಯೇ ಹೋಗಿ, ಕೇಳಿ.