ಹಿಂದಕ್ಕೆ ಮುಖ ಮಾಡಿದ ಸೀಟು

ಆ ಸೀಟು ಯಾರಿಗೂ ಬೇಡವಾಗಿತ್ತು. ಹಾಗಾಗಿ ಅದು ಸೋಮನಾಥನ ಪಾಲಿಗೆ ಬಂತು.

ಬ್ಯಾಟರಿ ಬಗ್ಗಿಯ ಮುಂದೆ ಡ್ರೈವರ್ ಮತ್ತು ಗೈಡ್, ನಡುವೆ ಮೇಘಶ್ರೀ ಮತ್ತು ಕಚೇರಿಯ ಇಬ್ಬರು ಕಿರಿಯರು. ಕೊನೆಯ ಸೀಟು ಮಾತ್ರ ದಾರಿಗೆ ಬೆನ್ನು ಹಾಕಿತ್ತು. ಅಲ್ಲಿ ಕೂತವನಿಗೆ ಯಾವುದೇ ಆಗಲಿ, ದಾಟಿ ಹೋದ ಮೇಲೆಯೇ ಕಾಣುವುದು. ಪಕ್ಕದಲ್ಲಿ ನೀರಿನ ಬಾಟಲಿಗಳ ಐಸ್ ಬಾಕ್ಸ್ ಇತ್ತು.

"ನೀವು ಅಲ್ಲಿ ಕಂಫರ್ಟಬಲ್ ತಾನೇ ಸೋಮನಾಥ್?" ಎಂದಳು ಮೇಘಶ್ರೀ ಕತ್ತು ತಿರುಗಿಸಿ. ಅವಳು ಅವನ ಬಾಸ್. ವಯಸ್ಸಿನಲ್ಲಿ ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು.

"ಪರವಾಗಿಲ್ಲ ಮೇಡಂ."

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನು ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು.

ಗೈಡ್ ಚಿರಂತ್ ಕಿವಿಗೆ ಮೈಕ್ ಸಿಕ್ಕಿಸಿಕೊಂಡು ಶುರು ಮಾಡಿದ. "ಐದರಿಂದ ಎಂಟು. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಮೂರು ಪಬ್, ಒಂದು ಗಾಲ್ಫ್ ಕಾರ್ಟ್! ದಯವಿಟ್ಟು ಬಗ್ಗಿ ಅನ್ನಬೇಡಿ, ಬಗ್ಗಿ ಅಂದ್ರೆ ಲಾಲ್‌ಬಾಗ್ ಅಜ್ಜಿಯರು ನೆನಪಾಗ್ತಾರೆ." ಎಲ್ಲರೂ ನಕ್ಕರು. ಸೋಮನಾಥನೂ ನಕ್ಕ, ರಸ್ತೆಯ ಕಡೆಗೆ. ಬಟ್ಟೆ ಚೀಲ ಹಿಡಿದು ರಸ್ತೆ ದಾಟಲು ನಿಂತಿದ್ದ ಹಿರಿಯರೊಬ್ಬರು ಆ ನಗು ತಮಗೇ ಎಂದುಕೊಂಡು ತಾವೂ ನಕ್ಕರು.

ಈ ಸಂಭ್ರಮಕ್ಕೆ ಕಾರಣವಿತ್ತು. ಅವರದು ಪ್ರವಾಸಿಗರ ಲಗೇಜಿಗೆ ವಿಮೆ ಮಾಡುವ ಕಂಪನಿ. ಕಳೆದುಹೋಯಿತು ಎಂದು ಬರುವ ಅರ್ಜಿಗಳನ್ನು ಪರಿಶೀಲಿಸುವುದು ಸೋಮನಾಥನ ಕೆಲಸ. ಬಣ್ಣ ಹೇಳಿ, ಅಳತೆ ಹೇಳಿ, ಗುರುತು ಹೇಳಿ. ಹೇಳಲಾಗದವರ ಅರ್ಜಿ ವಜಾ. ಈ ಮೂರು ತಿಂಗಳಲ್ಲಿ ವಜಾ ಆದಷ್ಟು ಅರ್ಜಿ ಹಿಂದೆಂದೂ ಆಗಿರಲಿಲ್ಲ. ಕಂಪನಿ ಖುಷಿಯಾಗಿ ತಂಡಕ್ಕೆ ಈ ಸಂಜೆಯನ್ನು ಕೊಡಿಸಿತ್ತು.

ಜಯನಗರದ ಮೊದಲ ಪಬ್ಬಿನ ಮುಂದೆ ಬಗ್ಗಿ ನಿಂತಿತು. ಹಿಂದೆ ಯಾರದೋ ಮನೆಯಾಗಿದ್ದ ಜಾಗ, ತುಳಸಿಕಟ್ಟೆಯನ್ನು ಹಾಗೇ ಉಳಿಸಿಕೊಂಡು ಅದರಲ್ಲಿ ಕಳ್ಳಿ ಗಿಡ ನೆಟ್ಟಿದ್ದರು. ಉಳಿದವರು ಇಳಿದರು. ಸೋಮನಾಥನ ಕೈ ತಾನಾಗಿ ಅಂಗಿಯ ಮೇಲಿನ ಗುಂಡಿಗೆ ಹೋಯಿತು.

ಕೊರಳಲ್ಲಿ ಕರಡಿಗೆಯಿತ್ತು. ಬೆಳ್ಳಿಯ ಪುಟ್ಟ ಭರಣಿ, ಒಳಗೆ ಅವನ ಇಷ್ಟಲಿಂಗ. ಕುಡಿಯುವ ಮೊದಲು ಅದನ್ನು ಬಿಚ್ಚಿಡುವುದು ಹದಿನಾರು ವರ್ಷದ ರೂಢಿ. ನಂಬಿಕೆ ಇದ್ದಿದ್ದರೆ ಅವನು ಕುಡಿಯುತ್ತಿರಲಿಲ್ಲ, ಇಲ್ಲದಿದ್ದರೆ ಬಿಚ್ಚಿಡುತ್ತಿರಲಿಲ್ಲ. ಎರಡೂ ಅಲ್ಲದವನಿಗೆ ಕಾರಿನ ಡ್ಯಾಶ್‌ಬೋರ್ಡ್ ಇತ್ತು. ಅಲ್ಲಿ ಇನ್ಶೂರೆನ್ಸ್ ಕಾಗದದ ಮೇಲೆ ಅದನ್ನು ಮಲಗಿಸಿ, ಬೀಗ ಹಾಕಿ, ನಿಶ್ಚಿಂತೆಯಿಂದ ಒಳಗೆ ಹೋಗುತ್ತಿದ್ದ. ಇವತ್ತು ಯಾರೂ ಸ್ವಂತ ಗಾಡಿ ತರಬಾರದು ಎಂದು ಮೇಲ್ ಬಂದಿತ್ತು.

ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಆದರೆ ಜೇಬೂ ಮೈಯೇ ಅಲ್ಲವೇ? ಅವನು ಒಂದು ಗಳಿಗೆ ಯೋಚಿಸಿ, ಸೀಟಿನ ಮೆತ್ತೆಯನ್ನು ಎತ್ತಿ, ಕೆಳಗಿನ ಸಂದಿಯಲ್ಲಿ ಕರಡಿಗೆಯನ್ನು ದಾರದ ಸಮೇತ ಇಟ್ಟ. ಮೆತ್ತೆಯನ್ನು ಎರಡು ಸಲ ಒತ್ತಿದ. ಡ್ರೈವರ್ ದುಂಡಪ್ಪ ಕನ್ನಡಿಯಲ್ಲಿ ನೋಡುತ್ತಿದ್ದಾನೆ ಎನ್ನಿಸಿತು. ಆ ಮನುಷ್ಯ ಹಣೆಗೆ ವಿಭೂತಿ ಹಚ್ಚಿದ್ದ.

ಬೆಳಿಗ್ಗೆ ತಾಯಿ ಶಿವಬಸಮ್ಮ ಕೇಳಿದ್ದಳು: "ಕರಡಿಗೆ ಬಿಚ್ಚಿ ತೊಳ್ದಿದೀಯಾ?"

"ಹೂಂ ಅಮ್ಮ."

"ನಾಳೆ ಮಗಳ ದೀಕ್ಷೆ. ಸ್ವಾಮ್ಗಳ ಎದುರಿಗೆ ಅಂಗೈ ಮೇಲೆ ಇಟ್ಕೊಂಡು ಕೂರ್ಬೇಕು ನೀನು."

"ಗೊತ್ತು."

ತೊಳೆದಿರಲಿಲ್ಲ. ಅದರ ಮುಚ್ಚಳ ತೆರೆದು ಹನ್ನೊಂದು ವರ್ಷವಾಗಿತ್ತು, ಮದುವೆಯ ದಿನದಿಂದ. ಹುಟ್ಟಿದ ಹನ್ನೊಂದನೇ ದಿನ ಕಟ್ಟಿದ್ದನ್ನು ಅವನು ಹಲ್ಲಿನ ಹಾಗೆ ಇಟ್ಟುಕೊಂಡು ಬಂದಿದ್ದ. ನೋಯುವವರೆಗೆ ಹಲ್ಲು ಇದೆಯೆಂದು ಯಾರು ನೆನೆಯುತ್ತಾರೆ.

ಮೊದಲ ಪಬ್ಬಿನಲ್ಲಿ ಒಂದು ಮಗ್. ಜೆ.ಪಿ. ನಗರದ ಎರಡನೆಯದರಲ್ಲಿ, ಐದನೇ ಮಹಡಿಯ ಮೇಲೆ, ಇನ್ನೊಂದು. ಅಲ್ಲಿಂದ ಬನಶಂಕರಿಯ ಕಡೆಯ ನೀರಿನ ಟ್ಯಾಂಕುಗಳೆಲ್ಲ ಕಾಣುತ್ತಿದ್ದವು. ಕಿರಿಯರಲ್ಲಿ ಒಬ್ಬ, ಗಂಡನ ಅಸ್ಥಿಯಿದ್ದ ಚೀಲ ರೈಲಿನಲ್ಲಿ ಕಳೆದ ಹೆಂಗಸಿನ ಅರ್ಜಿಯ ಬಗ್ಗೆ ಹೇಳುತ್ತಿದ್ದ. "ಗುರುತು ಏನು ಅಂದ್ರೆ ಅಳೋಕೆ ಶುರು ಮಾಡಿದ್ರು ಸಾರ್. ಫಾರಂನಲ್ಲಿ ಅದಕ್ಕೆ ಕಾಲಂ ಎಲ್ಲಿದೆ?"

"ರಿಜೆಕ್ಟ್ ಮಾಡಿದ್ಯಾರು?" ಎಂದಳು ಮೇಘಶ್ರೀ.

"ನಾನೇ," ಎಂದ ಸೋಮನಾಥ. ಎಲ್ಲರೂ ಮಗ್ ಎತ್ತಿದರು.

ಕೆಳಗಿಳಿದು ಮತ್ತೆ ಅದೇ ಸೀಟಿನಲ್ಲಿ ಕೂತ. ಬಗ್ಗಿ ಹೊರಟಿತು. ಅಂಗಡಿಗಳ ದೀಪಗಳು ಒಂದೊಂದೇ ದೂರ ಸರಿಯುತ್ತಿದ್ದವು. ಕೈ ಮೆತ್ತೆಯ ಕೆಳಗೆ ಹೋಯಿತು.

ಏನೂ ಇರಲಿಲ್ಲ.

ಅವನು ಎದ್ದು, ಮೆತ್ತೆ ಎತ್ತಿ, ಫೋನಿನ ಬೆಳಕು ಬಿಟ್ಟು ನೋಡಿದ. ಸಂದಿ ಶುಭ್ರವಾಗಿತ್ತು. ಭಯವಾಯಿತು. ಬಿಯರಿನ ಹಗುರ ಒಂದೇ ಸಲ ಇಳಿದುಹೋಯಿತು.

"ಏನ್ ಹುಡುಕ್ತಿದೀರಾ ಸೋಮನಾಥ್?"

"ಏನಿಲ್ಲ ಮೇಡಂ. ಚಾರ್ಜರ್."

ಮೂವರೂ ತಮ್ಮ ತಮ್ಮ ಚಾರ್ಜರ್ ತೆಗೆದು ಚಾಚಿದರು. ಅವನು ಒಂದನ್ನು ತೆಗೆದುಕೊಂಡ.

"ಚಿರಂತ್, ಇದು ಅದೇ ಗಾಡಿ ತಾನೇ?"

"ಇಲ್ಲ ಸಾರ್, ಅದರ ಬ್ಯಾಟರಿ ವೀಕ್ ಆಗಿತ್ತು. ಶೆಡ್ಡಿಂದ ಇದನ್ನ ತರ್ಸಿ ಅದನ್ನ ಕಳ್ಸಿದ್ವಿ. ಸೇಮ್ ಕಲರ್, ಸೇಮ್ ಸೀಟು. ಯಾರಿಗೂ ಗೊತ್ತೇ ಆಗಲ್ಲ ಗುರು!"

ಸುದ್ದಗುಂಟೆಪಾಳ್ಯದ ಕಡೆಯಿಂದ ಬಿ.ಟಿ.ಎಂ.ಗೆ ಬಂದಾಗ ಕತ್ತಲಾಗಿತ್ತು. ಮೂರನೇ ಪಬ್ಬಿನಲ್ಲಿ ಅವನು ಎಂಬತ್ತನಾಲ್ಕು ಪರ್ಸೆಂಟ್ ಇದ್ದ ಫೋನನ್ನು ಚಾರ್ಜಿಗೆ ಹಾಕಿ ಅದನ್ನೇ ನೋಡುತ್ತ ಕೂತ. ಎದುರಿಗೆ ಮಗ್ ಬಂತು. ಅಜ್ಜ ಏಕಾಂತಯ್ಯ ನೆನಪಾದ. ಕೆರೆಯಲ್ಲಿ ಈಜುವಾಗ ದಾರ ಕಡಿದು ಕರಡಿಗೆ ಮುಳುಗಿದ್ದಕ್ಕೆ ಅಜ್ಜ ಎರಡು ದಿನ ನೀರು ಕೂಡ ಮುಟ್ಟದೆ ದಂಡೆಯಲ್ಲಿ ಕೂತಿದ್ದನಂತೆ. ಲಿಂಗ ಕಳೆದವನು ಉಣ್ಣಬಾರದು. ಮೂರನೇ ದಿನ ಮೀನು ಹಿಡಿಯುವವನೊಬ್ಬ ಕೆಸರಿನಿಂದ ತೆಗೆದು ಕೊಟ್ಟ.

ತನ್ನದು ಕಳೆದ ಮೇಲೆ ತಾನು ಎಷ್ಟು ಕುಡಿದೆ? ಯಾವ ಗುಟುಕಿನ ಹೊತ್ತಿಗೆ ಅದು ಹೋಯಿತು? ಸೋಮನಾಥ ಲೆಕ್ಕ ಹಾಕಲು ನೋಡಿದ, ಆಗಲಿಲ್ಲ. ಮಗ್ಗನ್ನು ದೂರ ಸರಿಸಿದ.

ಫೋನ್ ನಡುಗಿತು. ಮಗಳು ಇಂಚರ. ಒಂಬತ್ತು ವರ್ಷ.

"ಅಪ್ಪ, ನಾಳೆಯಿಂದ ನಾನು ಯಾವತ್ತೂ ಬಿಚ್ಚಬಾರ್ದಂತೆ. ಸ್ನಾನಕ್ಕೂ?"

"ಸ್ನಾನಕ್ಕೂ."

"ಸ್ವಿಮ್ಮಿಂಗ್ ಕ್ಲಾಸಿಗೆ?"

"ನೋಡೋಣ."

"ನೀನು ಯಾವತ್ತಾದ್ರೂ ಬಿಚ್ಚಿದೀಯಾ?"

"ಪುಟ್ಟಾ, ಮೀಟಿಂಗಲ್ಲಿದೀನಿ."

ಸ್ಪೀಕರಿನಿಂದ ಬೀಳುತ್ತಿದ್ದ ತಾಳಕ್ಕೆ ಕಿರಿಯರಿಬ್ಬರೂ ಕೂಗಿದರು. ಆ ಕಡೆ ಮಗಳು ಫೋನ್ ಇಟ್ಟಳು.

"ನೀವು ಯಾವಾಗ್ಲೂ ಎಲ್ಲೋ ಇರ್ತೀರ," ಎಂದಳು ಮೇಘಶ್ರೀ. ಬೈಗುಳವಲ್ಲ, ಕರುಣೆಯೂ ಅಲ್ಲ. ಅವನು ನಕ್ಕ.

ಎಂಟಕ್ಕೆ ಚಿರಂತ್ ಎಲ್ಲರ ಜೊತೆ ಫೋಟೋ ತೆಗೆಸಿಕೊಂಡು, ಐದು ಸ್ಟಾರ್ ಕೇಳಿ, ಬೈಕ್ ಹತ್ತಿ ಹೋದ. ಉಳಿದವರಿಗೆ ಕ್ಯಾಬ್ ಬಂತು. ಸೋಮನಾಥ ತನ್ನದನ್ನು ಕ್ಯಾನ್ಸಲ್ ಮಾಡಿ, ದುಂಡಪ್ಪನ ಹತ್ತಿರ ಹೋಗಿ ನಿಂತ.

"ಮೊದಲಿನ ಗಾಡಿಯಲ್ಲಿ ಒಂದು ಸಾಮಾನು ಬಿಟ್ಟಿದೀನಿ."

ದುಂಡಪ್ಪ ಅವನ ಕೊರಳನ್ನೇ ನೋಡಿದ. "ಕರಡಗಿ ಏನ್ರಿ ಸರ?"

ಸೋಮನಾಥ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಹತ್ರಿ. ಶೆಡ್ಡಿಗೆ ಹೋಗೂಣು."

ಮುಂದಿನ ಸೀಟುಗಳೆಲ್ಲ ಖಾಲಿಯಿದ್ದವು. ಆದರೂ ಅವನು ಹೋಗಿ ಹಿಂದಿನದರಲ್ಲೇ ಕೂತ.

ಶೆಡ್ಡು ಸಾರಕ್ಕಿಯ ಹತ್ತಿರ. ಒಂದೇ ಬಣ್ಣದ ಎಂಟು ಬಗ್ಗಿಗಳು ಗೋಡೆಗೆ ವೈರು ಕಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ತೊಳೆದ ನೆಲ ಇನ್ನೂ ಒದ್ದೆಯಿತ್ತು, ತೊಳೆಯುವವರು ಹೊರಟುಹೋಗಿದ್ದರು. ದುಂಡಪ್ಪ ಕಪಾಟಿನಿಂದ ಹಳೆಯ ಬಿಸ್ಕತ್ ಡಬ್ಬವೊಂದನ್ನು ಇಳಿಸಿದ.

"ಗಾಡ್ಯಾಗ ಸಿಕ್ಕಿದ್ದೆಲ್ಲಾ ತೊಳಿಯಾವ್ರು ಇದಕ್ಕ ಹಾಕಿ ಹೋಗ್ತಾರ್ರಿ."

ಮುಚ್ಚಳ ತೆಗೆದ. ಬೀಗದ ಕೈಗಳು, ಒಂಟಿ ಕಿವಿಯೋಲೆ, ಒಂದು ಕನ್ನಡಕ. ಅವುಗಳ ನಡುವೆ ಕರಡಿಗೆಗಳು. ಒಂದಲ್ಲ, ನಾಲ್ಕು.

"ಎಲ್ಲಾರೂ ಹಂಗ ಮಾಡ್ತಾರ್ರಿ," ಎಂದ ದುಂಡಪ್ಪ. "ಬಿಚ್ಚಿ ಇಡ್ತಾರ, ಕುಡದು ಮರೀತಾರ. ನಾಚಿಕಿ ನೋಡ್ರಿ, ಕೇಳಾಕ ಯಾರೂ ಬರಂಗಿಲ್ಲ. ನೀವ ಮೊದಲನೇದವ್ರು." ಡಬ್ಬವನ್ನು ಮುಂದಕ್ಕೆ ಹಿಡಿದ. "ನಿಮ್ದು ಯಾವುದ್ರಿ?"

ಸೋಮನಾಥ ನಲ್ಲಿಯಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿ ಬಂದ. ನಾಲ್ಕನ್ನೂ ಬಗ್ಗಿಯ ಸೀಟಿನ ಮೇಲೆ ಸಾಲಾಗಿ ಇಟ್ಟ. ಬಣ್ಣ ಬೆಳ್ಳಿ. ಅಳತೆ ನಿಂಬೆಹಣ್ಣಿನಷ್ಟು. ದಾರ ಬಿಳಿ, ನಾಲ್ಕೂ ಬೆವರಿಗೆ ಕಂದಾಗಿದ್ದವು. ಗುರುತು?

ಒಂದನ್ನು ತೆರೆದ. ಕಪ್ಪಗೆ, ನುಣ್ಣಗೆ, ಅದರ ಮೇಲೆ ಶೆಡ್ಡಿನ ಟ್ಯೂಬ್‌ಲೈಟಿನ ಸಣ್ಣ ಗೆರೆ. ಎರಡನೆಯದೂ ಹಾಗೇ ಇತ್ತು. ಮೂರನೆಯದೂ. ನಾಲ್ಕನೆಯದರ ಮುಚ್ಚಳ ಎಷ್ಟು ತಿರುಗಿಸಿದರೂ ಬರಲಿಲ್ಲ. ಹನ್ನೊಂದು ವರ್ಷ ತೆರೆಯದ್ದು! ಅವನ ಎದೆ ಹಗುರಾಯಿತು.

"ಅದಲ್ಲ ಬಿಡ್ರಿ ಸರ. ಯುಗಾದಿಯಿಂದ ಇಲ್ಲೇ ಐತಿ ಅದು, ಮೊದಲಿಂದನೂ ಜಾಮ್."

ಹಾಗಾದರೆ ಮೂರು. ಕಣ್ಣು ಮುಚ್ಚಿ ಒಂದೊಂದನ್ನೇ ಎದೆಗೆ ಒತ್ತಿ ನೋಡಿದ. ನಲವತ್ತಮೂರು ವರ್ಷ ಅಲ್ಲೇ ಇದ್ದದ್ದನ್ನು ಎದೆಯಾದರೂ ಗುರುತಿಸಬೇಡವೇ. ಮೂರೂ ತಣ್ಣಗಿದ್ದವು. ನಾಚಿಕೆಯಾಯಿತು, ಅಳು ಬಂತು. ಅತ್ತರೆ ದುಂಡಪ್ಪನ ಎದುರಿಗೆ ಅಳಬೇಕಿತ್ತು.

"ತನ್ನ ಲಿಂಗ ತನಗ ಗೊತ್ತಾಗ್ದ ಇರ್ತೈತೇನ್ರಿ?" ದುಂಡಪ್ಪ ಬೈದದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಆಮೇಲೆ ಆ ಕಡೆ ತಿರುಗಿ, "ಶೆಡ್ಡು ಮುಚ್ಚೂ ಹೊತ್ತಾತು. ಕುಮಾರಸ್ವಾಮಿ ಲೇಔಟ್ ಅಂದಿದ್ರಲ್ರಿ ನಿಮ್ಮನಿ? ಬಿಟ್ಟು ಬರ್ತೀನಿ. ದಾರ್ಯಾಗ ನೋಡ್ಕೋರಿ," ಎಂದ.

ಒಳರಸ್ತೆಗಳಲ್ಲಿ ಬಗ್ಗಿ ನಿಧಾನವಾಗಿ ಹೋಯಿತು. ಸೋಮನಾಥನ ತೊಡೆಯ ಮೇಲೆ ಡಬ್ಬ, ಒಳಗೆ ಮತ್ತೆ ಆ ಮೂರು ಕರಡಿಗೆ. ಒಂದು ಹಂಪಿನಲ್ಲಿ ಅದು ಕುಲುಕಿ ಕರಡಿಗೆಯೊಂದು ಮಡಿಲಿಗೆ ಬಿತ್ತು. ಇದೇ ಇರಬೇಕು ಎಂದುಕೊಂಡ. ಹೀಗೆ ಆರಿಸುವುದು ಸರಿಯಲ್ಲ ಎನ್ನಿಸಿ ವಾಪಸ್ ಹಾಕಿದ. ಹಾಕಿದ ಮರುಗಳಿಗೆಯೇ, ಬಿದ್ದದ್ದು ಯಾವುದು ಎಂದು ತಿಳಿಯದೆ ಹೋಯಿತು.

ಮುಂದಿನ ತಿರುವಿನಲ್ಲಿ ಕೈಗೆ ಮೊದಲು ಸಿಕ್ಕಿದ್ದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದ. ಮುಷ್ಟಿ ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ.

ಹಿಂದಕ್ಕೆ ಮುಖ ಮಾಡಿದವನಿಗೆ ಮನೆ ಬಂದದ್ದು ತಿಳಿಯಲಿಲ್ಲ. ಬೆನ್ನ ಹಿಂದಿನಿಂದ ತಾಯಿಯ ದನಿ ಬಂತು. "ಸೋಮು? ಇದ್ಯಾವ್ದೋ ಗಾಡಿ?"

ಡಬ್ಬವನ್ನು ಸೀಟಿನ ಮೇಲೇ ಬಿಟ್ಟು ಅವನು ಇಳಿದ. ಶಿವಬಸಮ್ಮ ಗೇಟಿನಲ್ಲಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. "ಪೂಜೆ ಸಾಮಾನೆಲ್ಲ ತೊಳ್ದಾಯ್ತು, ನಿಂದೊಂದೇ ಬಾಕಿ. ಬೆಳಿಗ್ಗೆ ಸುಳ್ಳು ಹೇಳ್ದೆ ಅಂತ ಗೊತ್ತು ನಂಗೆ. ಕೊಡಿಲ್ಲಿ."

ಅವನು ಮುಷ್ಟಿ ಚಾಚಿದ. ತಾಯಿ ಕರಡಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳು ಏನಾದರೂ ಹೇಳುತ್ತಾಳೆ ಎಂದು ಅವನು ಕಾದ. ಹೇಳಲಿ, ಇದಲ್ಲ ಎನ್ನಲಿ.

"ಇನ್ನೂ ಬೆಚ್ಚಗಿದೆ," ಎಂದಳು ಶಿವಬಸಮ್ಮ ತೃಪ್ತಿಯಿಂದ. "ಎದೆ ಶಾಖ." ಒಳಗೆ ಹೋದಳು.

ಅಷ್ಟರಲ್ಲಿ ಇಂಚರ ಓಡಿ ಬಂದು ಬಗ್ಗಿ ಹತ್ತಿದ್ದಳು. "ಅಂಕಲ್, ಒಂದೇ ಒಂದ್ ರೌಂಡ್, ಪ್ಲೀಸ್!" ದುಂಡಪ್ಪ ಸೋಮನಾಥನ ಮುಖ ನೋಡಿದ. ಸೋಮನಾಥ ತಲೆಯಾಡಿಸಿದ್ದು ಹೂಂ ಎಂದೋ ಉಹೂಂ ಎಂದೋ ಅವನಿಗೇ ತಿಳಿಯಲಿಲ್ಲ. ಬಗ್ಗಿ ಹೊರಟಿತು.

ಮಗಳು ಹಿಂದಿನ ಸೀಟಿನಲ್ಲಿ ಅವನಿಗೆ ಎದುರಾಗಿ ಕೂತಿದ್ದಳು, ತೊಡೆಯ ಮೇಲೆ ಡಬ್ಬ. ಎದುರಾಗಿಯೇ ದೂರ ಹೋಗುತ್ತಿದ್ದಳು. ಹಂಪಿನ ಮೇಲೆ ಡಬ್ಬ ಸದ್ದು ಮಾಡಿತು. ಅವಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮುಚ್ಚಳ ತೆಗೆದು, ಒಂದು ಕರಡಿಗೆಯನ್ನು ದಾರ ಹಿಡಿದು ಎತ್ತಿ ಬೀದಿ ದೀಪಕ್ಕೆ ತೋರಿಸಿದಳು. ಅಲ್ಲಿಂದಲೇ ಏನೋ ಕೂಗಿ ಕೇಳಿದಳು.

ಸೋಮನಾಥ ಗೇಟಿನಲ್ಲಿ ನಿಂತು ಕೈ ಎತ್ತಿದ. ಬಗ್ಗಿ ತಿರುವಿನಲ್ಲಿ ಮರೆಯಾಯಿತು; ಸದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು.